ಒದ್ದೆ ಪಟ್ಟಿಯ ಮಳೆಗಾಲ

ಹೋದ ತಿಂಗಳು ಕುರುಗೋಡಿಗೆ, ಮಗಳ ಮನೆಗೆ ಹೋಗಿದ್ದೆ. ಮೊಮ್ಮಗನ ಮೈಮೇಲೆ ಅಮ್ಮನ ಗುಳ್ಳೆಗಳು ಎದ್ದು ಇಳಿದಿದ್ದವು. ಅವನಿಗೆ ಎರೆಯಲೆಂದು ಹಿತ್ತಲಿನ ಹಂಡೆಯಲ್ಲಿ ಬೇವಿನ ಸೊಪ್ಪು ಹಾಕಿ ನೀರು ಕಾಯಿಸುತ್ತಿದ್ದರು. ಆ ಕಹಿ ಹಬೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲಿಯೇ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟೆ. "ಯಾಕಪ್ಪಾ, ಹೊಗಿ ಕಣ್ಣಾಗ ಹೋತೇನು?" ಎಂದು ಮಗಳು ಕೇಳಿದಳು. ಹೂಂ ಎಂದೆ. ಹೊಗೆಯಲ್ಲ, ಬಳ್ಳಾರಿಯ ಒಂದು ಮಳೆಗಾಲ ಎಂದು ಹೇಳಿದ್ದರೆ ಅಪ್ಪನಿಗೆ ವಯಸ್ಸಾಯಿತು ಎಂದುಕೊಳ್ಳುತ್ತಿದ್ದಳು.

ಆಗ ನನಗೆ ಇಪ್ಪತ್ತೆರಡು. ಇಂಗ್ಲಿಷರ ರಾಣಿಯ ಕಾಲ, ಹಳೆಯ ಶತಮಾನ ಮುಗಿಯಲು ಇನ್ನೂ ಕೆಲವು ವರ್ಷಗಳಿದ್ದವು. ಸಿರುಗುಪ್ಪದ ನಮ್ಮ ಮನೆಯ ಗಂಡಸರು ಒಂದೋ ಪಂಚಾಂಗ ನೋಡಬೇಕು, ಇಲ್ಲ ಕಚೇರಿಯಲ್ಲಿ ಬರೆಯಬೇಕು. ಮೂರನೆಯ ಕಸುಬು ನಮ್ಮವರಿಗೆ ಗೊತ್ತಿರಲಿಲ್ಲ. ಪಂಚಾಂಗ ನನ್ನ ತಲೆಗೆ ಹತ್ತಲಿಲ್ಲ, ಕಚೇರಿಯವರು ನನ್ನನ್ನು ಹತ್ತಿರ ಸೇರಿಸಲಿಲ್ಲ. ಕೊನೆಗೆ ಬಳ್ಳಾರಿಯ ಒಂದು ಸರಕಾರಿ ದವಾಖಾನೆಯಲ್ಲಿ ಹುಣ್ಣು ತೊಳೆದು ಪಟ್ಟಿ ಕಟ್ಟುವ ಕೆಲಸ ಸಿಕ್ಕಿತು. ಕಾಗದದಲ್ಲಿ ಅದಕ್ಕೆ ಡ್ರೆಸರ್ ಎಂದು ಹೆಸರು. ಪೇಟೆಯ ಜನರ ಬಾಯಲ್ಲಿ ನಾನು 'ಪಟ್ಟಿ ಆಚಾರ್ರು'. ಆ ಹೆಸರಿಟ್ಟ ಪುಣ್ಯಾತ್ಮ ಯಾರೋ ತಿಳಿಯದು, ನೌಕರಿ ಮುಗಿಯುವವರೆಗೂ ಅದು ನನ್ನ ಬೆನ್ನು ಬಿಡಲಿಲ್ಲ.

ಇದ್ದದ್ದು ಸೋದರತ್ತೆಯ ಮನೆಯಲ್ಲಿ. ಅತ್ತೆ ವಿಧವೆ, ಕಟ್ಟುನಿಟ್ಟಾದ ಮಡಿಯವಳು. ನಾನು ಕೆಲಸದಿಂದ ಬಂದರೆ ಬಾಗಿಲಲ್ಲೇ ತಡೆಯುತ್ತಿದ್ದಳು. "ಅಲ್ಲೇ ನಿಲ್ಲೋ. ಯಾರ್ಯಾರ ಕಾಲು ಮುಟ್ಟಿ ಬಂದೀಯೋ ಏನೋ. ಮೊದಲ ಬಾವಿಕಟ್ಟಿಗೆ ನಡಿ." ನಾನು ಹಿಂದಿನ ಓಣಿಯಿಂದ ಬಾವಿಗೆ ಹೋಗಿ, ನಾಲ್ಕು ಕೊಡ ಸುರಿದುಕೊಂಡು, ಒದ್ದೆ ಬಟ್ಟೆಯಲ್ಲೇ ಒಳಗೆ ಬರುತ್ತಿದ್ದೆ. ಅದರಲ್ಲಿ ನನಗೆ ಬೇಸರವೇನೂ ಇರಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದೇ ಅದು.

ಆ ವರ್ಷ ಮಹಾನವಮಿ ಮುಗಿದ ಮೇಲೆ ಮಳೆ ಹಿಡಿಯಿತು. ಬಳ್ಳಾರಿಗೆ ಮಳೆ ಬರುವುದು ಅವಸರದ ನೆಂಟನ ಹಾಗೆ, ಮುಖ ತೋರಿಸಿ ಹೋಗುತ್ತದೆ. ಆ ವರ್ಷ ಮಾತ್ರ ಹಾಸಿಗೆ ಬಿಚ್ಚಿ ಕುಳಿತುಬಿಟ್ಟಿತು. ಹತ್ತಿ ಪೇಟೆಯ ಹಿಂದೆ ಮಣ್ಣಿನ ಗೋಡೆಯ ಗುಡಿಸಲುಗಳು ಸಾಲಾಗಿದ್ದವು. ಒಂದೇ ವಾರದಲ್ಲಿ ಮುಕ್ಕಾಲು ಪಾಲು ಕುಸಿದವು. ಅಲ್ಲಿ ಬಾಡಿಗೆಗಿದ್ದವರು ಹತ್ತಿ ಬಿಡಿಸುವವರು, ಮೂಟೆ ಹೊರುವವರು, ಕಲ್ಲು ಒಡೆಯುವವರು. ಅವರೆಲ್ಲ ಬೀದಿಗೆ ಬಂದರು. ಅಂಗಡಿಗಳ ಜಗಲಿಯಲ್ಲಿ, ಕೋಟೆಯ ಬಾಗಿಲಿನ ಹತ್ತಿರ, ರೈಲು ನಿಲ್ದಾಣದ ಮರಗಳ ಕೆಳಗೆ, ಎಲ್ಲಿ ಒಂದು ಮೊಳ ಒಣ ನೆಲ ಕಂಡರೆ ಅಲ್ಲಿ ಸೇರಿಕೊಂಡರು. ಹಗಲು ದುಡಿಮೆ ಇತ್ತು. ಸಂಜೆಯಾದರೆ ಮೈಚಾಚಲು ಜಾಗವಿರಲಿಲ್ಲ.

ಅವರು ಒಬ್ಬೊಬ್ಬರಾಗಿ ದವಾಖಾನೆಯ ಮೆಟ್ಟಿಲೇರಿದರು. ಮೊದಲು ಕೆಮ್ಮು ಬಂತು, ಆಮೇಲೆ ಚಳಿಜ್ವರ. ನಾಲ್ಕು ಜನ ಒಂದೇ ಕಂಬಳಿ ಹೊದ್ದರೆ ತುರಿ ಬಾರದೆ ಇರುತ್ತದೆಯೇ, ಅದೂ ಬಂತು. ಕೊನೆಗೆ ಬಂದವು ಕಾಲುಗಳು. ಅವು ನನ್ನ ಪಾಲಿನವು. ಎರೆಮಣ್ಣಿನ ಕೆಸರಿನಲ್ಲಿ ಹಗಲೆಲ್ಲ ನಿಂತು ಬೆರಳ ಸಂದುಗಳು ಬಿಳಿಚಿ ಕೊಳೆತಿದ್ದವು, ಹಿಮ್ಮಡಿಗಳು ಸೀಳಿದ್ದವು, ಮೊಣಕಾಲ ಕೆಳಗೆ ಬಾವು. ಮನೆಯಿದ್ದವನಿಗೆ ನಾಲ್ಕು ದಿನದಲ್ಲಿ ಮಾಯುವ ತರಚು ಗಾಯ ಇವರಲ್ಲಿ ತಿಂಗಳಾದರೂ ಮಾಯುತ್ತಿರಲಿಲ್ಲ. ಮುಲಾಮು ಅದೇ, ಪಟ್ಟಿ ಅದೇ, ಕಟ್ಟುವ ಕೈಯೂ ಅದೇ. ಹಾಗಾದರೆ ತಪ್ಪು ಅವರದ್ದೇ ಇರಬೇಕು ಎಂದು ನಾನು ತೀರ್ಮಾನಿಸಿದೆ. ಬೆಳಿಗ್ಗೆ ಬೆಳ್ಳಗೆ ಕಟ್ಟಿ ಕಳಿಸಿದ ಪಟ್ಟಿ ಮರುದಿನ ತೊಯ್ದು ತೊಪ್ಪೆಯಾಗಿ, ಕೆಸರು ಮೆತ್ತಿ, ನಾರುತ್ತ ಬರುತ್ತಿತ್ತು. ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಬೈಯುವುದರಲ್ಲಿ ಆಗ ನಾನು ಡಾಕ್ಟರರಿಗಿಂತ ಒಂದು ಕೈ ಮೇಲು.

ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವಳು ನಿಂಗವ್ವ. ನಮ್ಮ ಹೊಳೆಯ ಕಡೆಯವಳೇ, ಕೆಂಚನಗುಡ್ಡದವಳು. ಗಂಡ ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತಿದ್ದ. ಒಂದು ವರ್ಷ ತುಂಬಿದ ಹೊಳೆ ಅವನನ್ನು ತಿರುಗಿ ಕೊಡಲಿಲ್ಲ. ಮಕ್ಕಳಿರಲಿಲ್ಲ. ಹತ್ತಿ ಬಿಡಿಸಿ ಬದುಕುತ್ತೇನೆಂದು ಬಳ್ಳಾರಿಗೆ ಬಂದಿದ್ದಳು. ನಲವತ್ತೈದರ ಆಸುಪಾಸು, ನೆಟ್ಟಗಿನ ಮೈ, ಮಾತು ಕಡಿಮೆ. ಗುಡಿಸಲು ಬಿದ್ದಾಗ ತೊಲೆಯ ತುದಿ ತಾಗಿ ಎಡಗಾಲಿನ ಗೆಣ್ಣಿನ ಮೇಲೆ ಗಾಯವಾಗಿತ್ತು. ಬಂದಾಗ ಹುಣಸೆ ಬೀಜದಷ್ಟಿದ್ದದ್ದು ನಾನು ನೋಡುನೋಡುತ್ತಿದ್ದ ಹಾಗೆ ಅಂಗೈಯಗಲ ಆಯಿತು.

ನಮ್ಮ ಡಾಕ್ಟರರು ತೆಲುಗು ಸೀಮೆಯವರು, ಮದರಾಸಿನಲ್ಲಿ ಓದಿದವರು. ಕಾರ್ತಿಕ ಮುಗಿಯುತ್ತ ಬಂದ ಒಂದು ಬೆಳಿಗ್ಗೆ ಆ ಹುಣ್ಣನ್ನು ಮೂಸಿ ನೋಡಿ, ಸುತ್ತಲಿನ ಕಪ್ಪು ಚರ್ಮವನ್ನು ಒತ್ತಿ, ನನ್ನನ್ನು ಪಕ್ಕಕ್ಕೆ ಕರೆದರು.

"ಏಮಯ್ಯಾ ಆಚಾರಿ, ಇದು ಮೇಲಕ್ಕೆ ಹತ್ತತಾ ಇದೆ. ಹದಿನೈದು ದಿನ ಚೂಸ್ತಾನು, ನೋಡ್ತೀನಿ. ಇಳೀಲಿಲ್ಲ ಅಂದ್ರೆ ಮೊಣಕಾಲ ಕೆಳಗೆ ತೆಗೆಯೋದೇ. ಆಕೆಗೆ ಹೇಳು."

ಅವರೇ ಹೇಳಬಹುದಿತ್ತು. ಇಂಥದ್ದನ್ನೆಲ್ಲ ಹೇಳುವ ಕೆಲಸ ನಮ್ಮಂಥವರಿಗೇ ಏಕೆ ಬರುತ್ತದೋ. ಹಾಸಿಗೆ ಕೊಟ್ಟು ಒಳಗೆ ಮಲಗಿಸೋಣವೆಂದರೆ ಹಾಸಿಗೆಗಳೆಲ್ಲ ಜ್ವರದವರಿಂದ ತುಂಬಿದ್ದವು. ನಾನು ಹೋಗಿ ಹೇಳಿದೆ. ನಿಂಗವ್ವ ತನ್ನ ಕಾಲನ್ನೇ ನೋಡುತ್ತ ಕುಳಿತಿದ್ದಳು.

"ಒಂಟಿ ಕಾಲಿನಾಕೀಗೆ ಹತ್ತಿ ಬಿಡಸಾಕ ಯಾರ್ ಕರೀತಾರ್ರಿ?" ಎಂದಳು. ಅಷ್ಟೇ ಕೇಳಿದ್ದು.

"ಹಂಗಾರ ಪಟ್ಟಿ ತೋಯಿಸಬ್ಯಾಡ! ಎಷ್ಟು ಸಲ ಬಡಕೊಂಡೀನಿ. ಎಲ್ಲಿ ನೀರಾಗ ಇಳೀತೀ ದಿನಾ?"

ಆಕೆ ಎದ್ದು ಕುಂಟುತ್ತ ಹೋದಳು. ಹಟಮಾರಿ ಎಂದು ನನಗೆ ಮೈಯೆಲ್ಲ ಉರಿಯಿತು.

ಮರುದಿನ ಮಧ್ಯಾಹ್ನ ಪಟ್ಟಿಗೆ ಕೋರಾ ಬಟ್ಟೆ ತರಲು ಪೇಟೆಗೆ ಹೋಗಿದ್ದೆ. ಬರುವಾಗ ದಾರಿ ಕಡಿಮೆಯಾದೀತೆಂದು ಒಂದು ಸಂದಿ ಹಿಡಿದೆ. ಅಲ್ಲೊಂದು ಸಣ್ಣ ಮಠವಿತ್ತು, ಲಿಂಗಾಯತರದು. ಹೊತ್ತಿನ ಊಟಕ್ಕೆ ಯಾರು ಬಂದರೂ ಇಲ್ಲವೆನ್ನುತ್ತಿರಲಿಲ್ಲ. ಬಾಗಿಲಿನ ಪಕ್ಕದಲ್ಲಿ ನೀರು ತುಂಬಿದ ದೊಡ್ಡ ಕಲ್ಲುಬಾನಿ. ಒಳಗೆ ಹೋಗುವವರು ಅದರಲ್ಲಿ ಕಾಲು ಅದ್ದಿ, ತಿಕ್ಕಿ ತೊಳೆದು, ಹೊಸ್ತಿಲು ದಾಟುತ್ತಿದ್ದರು. ಸಾಲಿನಲ್ಲಿ ಆರೇಳು ಜನ ನನ್ನ ಪಟ್ಟಿಯವರೇ! ನಾಲ್ಕನೆಯವಳು ನಿಂಗವ್ವ. ನಾನು ಬೆಳಿಗ್ಗೆ ಅಷ್ಟು ನಾಜೂಕಾಗಿ ಸುತ್ತಿ ಕಳಿಸಿದ ಎಡಗಾಲನ್ನು ಎತ್ತಿ, ಪಟ್ಟಿಯ ಸಮೇತ ಬಾನಿಯೊಳಗೆ ಇಳಿಬಿಟ್ಟಳು. ಎಷ್ಟು ಜನರ ಕೆಸರು ಬಿದ್ದ ನೀರೋ ಅದು, ಕಾಡಿಗೆಯಂತಿತ್ತು.

"ನಿಂಗವ್ವಾ! ಏನ್ ಮಾಡ್ಲಿಕ್ಕತ್ತೀ?"

ಬೆಚ್ಚಿಬಿದ್ದಳು. "ಕಾಲು ತೊಳ್ಯಾಕತ್ತೀನ್ರಿ ಆಚಾರ್ರ."

"ಪಟ್ಟಿ ಕಟಗೊಂಡಽ?"

"ಬಿಚ್ಚಬ್ಯಾಡ ಅಂತ ನೀವಽ ಹೇಳೀರಲ್ರಿ. ಅದಕ್ಕ ಬಿಚ್ಚಿಲ್ರಿ."

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಬಿಚ್ಚಬೇಡ ಎಂದವನು ನಾನೇ, ದಿನಕ್ಕೆ ಹತ್ತು ಸಲ. ಆಕೆ ಚಾಚೂ ತಪ್ಪದೆ ನಡೆದಿದ್ದಳು.

"ನಾ ಕೇಳಿದಾಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಊಟಕ್ಕ ಹೋಗಬ್ಯಾಡ ಅಂತೀರಿ. ದೊಡ್ಡ ಡಾಕ್ಟರ್ರು ಒಂದು ಚೀಟಿ ಬರದ್ರ ಮಠದ ಅಯ್ಯಾರು ಒಳಗ ಬಿಡಂಗಿಲ್ಲ. ಹೊಟ್ಟಿ ಏನ್ ಮಾಡ್ಲಿ? ಕಾಲು ತೊಳೀದಽ ಒಳಗ ಹೋಗಾಕ ಬರ್ತೈತೇನ್ರಿ, ನೀವಽ ಹೇಳ್ರಿ."

ಬಾವಿಕಟ್ಟೆಗೆ ಹೋಗದೆ ನಾನು ಒಂದು ದಿನವಾದರೂ ಮನೆಯೊಳಗೆ ಕಾಲಿಟ್ಟವನೇ? ಕಾಲು ತೊಳೆಯದೆ ಊಟಕ್ಕೆ ಕುಳಿತವನೇ? ಕಾಲು ತೊಳೆಯುವುದು ನನಗೆ ಉಸಿರಾಡಿದಷ್ಟು ಸಹಜ, ಅದಕ್ಕೇ ತಲೆಗೆ ಹೊಳೆದಿರಲಿಲ್ಲ. ಬೇರೆ ದೇಶದಿಂದ ಬಂದ ಯಾವನಾದರೂ ಮೊದಲ ದಿನವೇ ಕೇಳಿರುತ್ತಿದ್ದ. ಒಂದೂವರೆ ತಿಂಗಳು ಆ ಜನರನ್ನು ಕೊಳಕರು, ಹಟಮಾರಿಗಳು ಎಂದು ಬೈದದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಗಲಾಟೆ ಕೇಳಿ ಮಠದ ಅಯ್ಯನವರು ಹೊರಗೆ ಬಂದರು. ಎಪ್ಪತ್ತು ದಾಟಿದ ಸಣಕಲು ಮನುಷ್ಯ, ಕೈಗೆ ಹಿಟ್ಟು ಮೆತ್ತಿತ್ತು. ನಾನು ಎಲ್ಲ ಹೇಳಿದೆ. ಹದಿನೈದು ದಿನದ ಮಾತನ್ನೂ ಹೇಳಿದೆ. ಅವರು ಮುಖ ಸಣ್ಣ ಮಾಡಿಕೊಂಡರು.

"ನನಗ ಗೊತ್ತಾಗಲಿಲ್ಲಲ್ರಿ. ಆತು, ಪಟ್ಟಿಯವರು ಕಾಲು ತೊಳ್ಯಾದು ಬ್ಯಾಡ. ಹೊರಗ ಬೇವಿನ ಗಿಡದ ಕೆಳಗ ಎಲಿ ಹಾಕಸ್ತೀನಿ."

ಗೆದ್ದೆ ಎಂದುಕೊಂಡೆ. ನಿಂಗವ್ವ ಅಲ್ಲಿಂದ ಕದಲಲಿಲ್ಲ.

"ನಾ ಹೊರಗ ಉಣ್ಣಂಗಿಲ್ರಿ ಅಯ್ಯಾರ."

"ಯಾಕವ್ವಾ?"

"ಮಲಗೋದು ಹೊರಗ, ಏಳೋದು ಹೊರಗ. ಮಳಿ ಬಂದ್ರ ಹೊರಗ, ಜರ ಬಂದ್ರ ಹೊರಗ. ಕಾಲು ತೊಳಕಂಡು ಒಳಗ ಹೋಗಿ, ನಾಕು ಮಂದಿ ಸಾಲಿನ್ಯಾಗ ಕುಂದ್ರೋದು ಇದೊಂದಽ ಹೊತ್ತು. ಇದನ್ನೂ ಹೊರಗ ಹಾಕಬ್ಯಾಡ್ರಿ. ಕಾಲು ಹೋದ್ರ ಹೋಗ್ಲಿ."

"ಕಾಲು ಹೋದ್ರ ಹೊಸ್ತಿಲಾ ಹೆಂಗ ದಾಟ್ತೀ?" ಎಂದು ನಾನು ಕೂಗಾಡಿದೆ. ಆಕೆಯ ಕಣ್ಣಲ್ಲಿ ನೀರು ತುಂಬಿತು, ಆದರೆ ಮಾತು ಬದಲಿಸಲಿಲ್ಲ. ಅಯ್ಯನವರು ಆಕೆಯನ್ನು ನೋಡಿದರು, ಬಾನಿಯನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ಆಚಾರ್ರ, ನಿಮಗ ಶಾಸ್ತ್ರ ಗೊತ್ತು. ಪಟ್ಟಿ ಮುಂಜಾನಿನಽ ಕಟ್ಟಬೇಕು ಅಂತ ಯಾವ ಶಾಸ್ತ್ರದಾಗ ಬರದೈತ್ರಿ?"

ಬೆಳಿಗ್ಗೆಯೇ ಕಟ್ಟುವುದು ಏಕೆಂದರೆ ದವಾಖಾನೆಯ ಬಾಗಿಲು ತೆರೆಯುವುದು ಬೆಳಿಗ್ಗೆ. ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಹೇಗೂ ತೊಳೆಯುವ ಕಾಲು. ತೊಳೆದ ಮೇಲೆ ಕಟ್ಟಿದರಾಯಿತು!

ಪಟ್ಟಿಯನ್ನು ಮಠದಲ್ಲೇ ಕಟ್ಟಲೇ ಎಂದು ಡಾಕ್ಟರರನ್ನು ಕೇಳಿದೆ. "ಮಠಂಲೋನಾ?" ಎಂದು ಹುಬ್ಬೇರಿಸಿ, "ಸರೇ, ಪೋ. ಆದ್ರೆ ದಿನ ಹೆಚ್ಚಿಗೆ ಕೊಡೋದಿಲ್ಲ" ಎಂದರು.

ಮರುದಿನದಿಂದ ಮಧ್ಯಾಹ್ನ ನನ್ನ ಡಬ್ಬಿ ಹಿಡಿದು ಮಠದ ಬಾಗಿಲಲ್ಲಿ ಕೂರತೊಡಗಿದೆ. ಅಯ್ಯನವರು ದೊಡ್ಡ ಹಂಡೆಯಲ್ಲಿ ಬೇವಿನ ಸೊಪ್ಪು ಕುದಿಸಿ ಆರಿಸಿಡುತ್ತಿದ್ದರು. ಬಾನಿಯ ನೀರು ಬಿಟ್ಟು, ಆ ನೀರನ್ನು ಚೊಂಬಿನಿಂದ ಒಬ್ಬೊಬ್ಬರ ಕಾಲಿಗೆ ಬೇರೆಯಾಗಿ ಸುರಿಯುವುದು. ನಾನು ತೊಳೆದು, ಒರೆಸಿ, ಬೆರಳ ಸಂದು ಒಣಗಿಸಿ, ಮುಲಾಮು ಹಚ್ಚಿ ಹೊಸ ಪಟ್ಟಿ ಕಟ್ಟುವುದು. ಆಮೇಲೆ ಅವರು ಹೊಸ್ತಿಲು ದಾಟಿ ಪಂಕ್ತಿಯಲ್ಲಿ ಕೂರುವುದು. ದವಾಖಾನೆಯಲ್ಲಿ ಕಾಲನ್ನು ಸ್ಟೂಲಿನ ಮೇಲೆ ಇಡಿಸಿ ಕಟ್ಟುತ್ತಿದ್ದೆ. ಇಲ್ಲಿ ಸ್ಟೂಲಿರಲಿಲ್ಲ, ನಾನೇ ನೆಲಕ್ಕೆ ಕುಳಿತು ಕಾಲನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕಿತ್ತು. ಮೊದಲ ದಿನ ಮೈ ಜುಮ್ಮೆಂದದ್ದು ನಿಜ. ಮೂರನೆಯ ದಿನಕ್ಕೆ ಮರೆತೇಹೋಯಿತು.

ಸುದ್ದಿ ಅತ್ತೆಯ ಕಿವಿಗೆ ಬೀಳಲು ಎಷ್ಟು ಹೊತ್ತು? ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಮಠದ ಬಾಗಲಾಗ ಕೂತು ಕಾಲು ತೊಳೀತೀಯಂತ, ಖರೇ ಏನೋ?" ಖರೆ ಎಂದೆ. ಇನ್ನು ಬೈಗುಳದಲ್ಲೇ ಹಾಡಿ ಹರಸುತ್ತಾಳೆ ಎಂದು ಕಾದೆ. ಒಳಗೆ ಹೋದವಳು ಹಳೆಯ ಸೀರೆಯೊಂದನ್ನು ತಂದು ದೂರದಿಂದಲೇ ನನ್ನ ಮೇಲೆ ಎಸೆದಳು. "ಮೆತ್ತಗದ. ಹರದು ಪಟ್ಟಿ ಮಾಡ್ಕೋ. ಬಾವಿಕಟ್ಟಿ ಮಾತ್ರ ತಪ್ಪಂಗಿಲ್ಲ."

ಪಟ್ಟಿ ಒಣಗಿಯೇ ಉಳಿಯತೊಡಗಿತು. ಆದರೆ ನಿಂಗವ್ವನ ಕಾಲಿನ ಬಾವು ಮಾತ್ರ ಇಳಿಯದು. ಕಾಲು ಚಾಚಿ ಮಲಗುತ್ತೀಯೋ ಇಲ್ಲವೋ ಎಂದು ಗದರಿದೆ.

"ಮಲಗೋದೆಲ್ಲೈತ್ರಿ? ಕುಂತಽ ಕಣ್ಣು ಮುಚ್ತೀನಿ, ಗ್ವಾಡಿಗೆ ಒರಗಿ. ಮಲಗಿದ್ರ ಕಾವಲಿನವ ಕೋಲಿಲೆ ತಿವಿದು ಎಬ್ಬಸ್ತಾನ. ಕುಂತಿದ್ರ ಯಾರಿಗೋ ಕಾಯಾಕತ್ತಾಳ ಅಂತ ಬಿಡ್ತಾನ."

"ಎಷ್ಟು ದಿನದಿಂದ?"

"ಗುಡಸಲ ಬಿದ್ದಾಗಿಂದ."

ಒಂದೂವರೆ ತಿಂಗಳಿಗೂ ಹೆಚ್ಚು ಆ ಹೆಂಗಸು ಬೆನ್ನು ನೆಲಕ್ಕೆ ಹಚ್ಚಿರಲಿಲ್ಲ. ಹಗಲು ನಿಂತು, ಇರುಳು ಕುಳಿತು, ಮೈಯ ನೀರೆಲ್ಲ ಕಾಲಿಗೆ ಇಳಿದಿತ್ತು. ನಾನು ಮುಲಾಮು ಹಚ್ಚುತ್ತಿದ್ದದ್ದು ಹುಣ್ಣಿಗೆ. ರೋಗ ಇದ್ದದ್ದು ಆಕೆ ರಾತ್ರಿ ಕಳೆಯುವ ಜಗಲಿಯಲ್ಲಿ.

ಅಯ್ಯನವರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. "ಪಟ್ಟಿ ಕಟ್ಟಿಸಿಕೊಂಡವ್ರು ಉಂಡ ಮ್ಯಾಲ ಇಲ್ಲೇ ಪಡಸಾಲ್ಯಾಗ ಮಲಗ್ರಿ. ರಾತ್ರಿನೂ ಇಲ್ಲೇ ಇರ್ರಿ" ಎಂದರು. ಕಾಲಿನ ಕೆಳಗೆ ಇಡಲು ಹೊಟ್ಟಿನ ಚೀಲ ಕೊಟ್ಟರು. ಒಂದೇ ತೊಡಕು: ಒಳಗಿದ್ದ ಹಿರಿಯ ಗುರುಗಳ ಗದ್ದುಗೆಯ ಕಡೆ ಕಾಲು ಚಾಚುವಂತಿಲ್ಲ. ಆದ್ದರಿಂದ ಎಲ್ಲರನ್ನೂ ಬೀದಿಯ ಕಡೆ ಕಾಲು ಮಾಡಿ ಸಾಲಾಗಿ ಮಲಗಿಸಿದೆವು. ಹಾದುಹೋಗುವವರಿಗೆ ಮೊದಲು ಕಾಣುತ್ತಿದ್ದದ್ದು ಚೀಲದ ಮೇಲೆ ಏರಿ ಕುಳಿತ ಏಳು ಜೊತೆ ಪಾದಗಳು. ಆ ಮೊದಲ ಮಧ್ಯಾಹ್ನ ನಿಂಗವ್ವ ತಲೆ ಇಟ್ಟವಳು ಮರುದಿನ ಊಟದ ಹೊತ್ತಿಗೆ ಎದ್ದಳು. ಜೀವ ಹೋಯಿತೋ ಏನೋ ಎಂದು ಅಯ್ಯನವರು ಎರಡು ಸಲ ಮೂಗಿನ ಹತ್ತಿರ ಬೆರಳಿಟ್ಟು ನೋಡಿದರಂತೆ.

ಐದಾರು ದಿನಕ್ಕೆ ನಾತ ಹೋಯಿತು. ಬಾವು ಇಳಿದು ಗೆಣ್ಣಿನ ಮೂಳೆಯ ಉಬ್ಬು ಕಾಣಿಸಿಕೊಂಡ ದಿನ ಆಕೆ ಅದನ್ನು ಮುಟ್ಟಿ ಮುಟ್ಟಿ ನೋಡಿ, "ಇದು ನಂದಽ ಏನ್ರಿ?" ಎಂದಳು. ಆಕೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಹುಣ್ಣಿನ ಅಂಚಿನಲ್ಲಿ ಹೊಸ ಚರ್ಮದ ಒಂದು ತೆಳು ಕೆಂಪು ಗೆರೆ ಎದ್ದಿತು. ಆದರೆ ಎಷ್ಟೋ ಹುಣ್ಣುಗಳು ಹೀಗೆ ಆಸೆ ತೋರಿಸಿ ಕೈಕೊಟ್ಟಿದ್ದವು.

ಹದಿನೈದನೆಯ ದಿನ ದವಾಖಾನೆಗೆ ಕರೆದೊಯ್ದೆ. ಒಳಗಿನ ಮೇಜಿನ ಮೇಲೆ ಕತ್ತಿ, ಗರಗಸ, ದಾರ ಎಲ್ಲ ಬಿಳಿ ಬಟ್ಟೆಯ ಮೇಲೆ ಸಿದ್ಧವಾಗಿದ್ದವು. ಬೆಳಿಗ್ಗೆ ಅವನ್ನು ಕುದಿಸಿ ಇಟ್ಟವನು ನಾನೇ. ಡಾಕ್ಟರರು ಪಟ್ಟಿ ಬಿಚ್ಚಿದರು. ಒತ್ತಿದರು, ಮೂಸಿದರು, ಬೆರಳು ಆಡಿಸು ಎಂದರು. ನಿಂಗವ್ವ ಐದೂ ಬೆರಳು ಆಡಿಸಿದಳು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮತ್ತೊಮ್ಮೆ ನೋಡಿದರು.

"ಆಚಾರಿ, ಅದನ್ನೆಲ್ಲ ಒಳಗಿಡು. ಈ ಕಾಲು ಬೀಳೋದಿಲ್ಲ."

ನಾನು ಗರಗಸವನ್ನು ಪೆಟ್ಟಿಗೆಯಲ್ಲಿ ಇಟ್ಟು, ಹಿತ್ತಲಿಗೆ ಹೋಗಿ, ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಇಪ್ಪತ್ತೆರಡರ ಗಂಡಸು, ಆಚಾರಿ, ಸರಕಾರಿ ಸಂಬಳದವನು, ಕೂಸಿನಂತೆ ಅತ್ತೆ. ಆಮೇಲೆ ಎಷ್ಟೋ ಕಾಲು ಉಳಿದದ್ದನ್ನು, ಎಷ್ಟೋ ಹೋದದ್ದನ್ನು ಕಂಡಿದ್ದೇನೆ. ಹಾಗೆ ಎದೆ ಹಗುರಾದದ್ದು ಅದೊಂದೇ ಸಲ.

ಮಾರ್ಗಶಿರ ಮುಗಿಯುವ ಚಳಿಯ ಹೊತ್ತಿಗೆ ಉಳಿದವರ ಕಾಲುಗಳು ಮಾದವು. ಗುಡಿಸಲುಗಳು ಎದ್ದು ನಿಂತವು, ಒಬ್ಬೊಬ್ಬರೇ ಹೊರಟುಹೋದರು. ಪಡಸಾಲೆಯಲ್ಲಿ ಉಳಿದವಳು ನಿಂಗವ್ವ ಒಬ್ಬಳೇ. ಒಂದು ಬೆಳಿಗ್ಗೆ ಡಾಕ್ಟರರು ಆಕೆಯ ಕಾಲಿನ ಹೊಸ ಚರ್ಮವನ್ನು ಸವರಿ, "ಬಾಗುಂದಿ, ಚೆನ್ನಾಗಿದೆ. ನಾಳೆಯಿಂದ ಪಟ್ಟಿ ಬೇಡ" ಎಂದರು.

ಆಕೆ ಏಳಲಿಲ್ಲ. ಸೆರಗಿನ ತುದಿ ಹೊಸೆಯುತ್ತ ಮೆಲ್ಲಗೆ ಕೇಳಿದಳು: "ಡಾಕ್ಟರ್ರಽ, ಒಂಚೂರು ಉಳಸಾಕ ಬರ್ತೈತೇನ್ರಿ?"

"ಏಮಿಟಿ?"

"ಹುಣ್ಣು. ಇಷ್ಟಽ ಇಷ್ಟು ಇದ್ರ ಸಾಕ್ರಿ."

ಡಾಕ್ಟರರು ನಗಲು ಹೋದವರು ನಿಲ್ಲಿಸಿದರು. ನನ್ನ ಮುಖ ನೋಡಿದರು. ಪಟ್ಟಿ ಇದ್ದವರಿಗೆ ಪಡಸಾಲೆ, ಆಕೆ ಲೆಕ್ಕ ಹಾಕಿದ್ದು ಅಷ್ಟೇ.

ಮರುದಿನ ಮಧ್ಯಾಹ್ನ ಕಾಲು ನೋಡುವ ಕೆಲಸವಿರಲಿಲ್ಲ. ಆದರೂ ಮಠದ ಕಡೆ ಹೋದೆ. ನಿಂಗವ್ವ ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಎಡಗಾಲಿನಲ್ಲಿ ಪಟ್ಟಿ. ಗಂಟು ನನ್ನದಲ್ಲ, ತಾನೇ ಕಟ್ಟಿಕೊಂಡದ್ದು. ನನ್ನನ್ನು ಕಂಡು ಕಾಲನ್ನು ಸೀರೆಯ ಒಳಗೆ ಎಳೆದುಕೊಂಡಳು. ಬೈಯಬೇಕೆನ್ನಿಸಲಿಲ್ಲ. ಅಡುಗೆಯ ಕೋಣೆಗೆ ಹೋಗಿ ಅಯ್ಯನವರಿಗೆ ಹೇಳಿದೆ. ಅವರು ರೊಟ್ಟಿ ತಟ್ಟುತ್ತಿದ್ದರು. ಕೈ ಕೂಡ ತೊಳೆಯದೆ ಎದ್ದು ಬಂದು ಆಕೆಯ ಮುಂದೆ ನಿಂತರು.

"ನಿಂಗವ್ವ, ನಾ ಜಾಗ ಕೊಟ್ಟಿದ್ದು ಹುಣ್ಣಿಗೇನವ್ವಾ? ನಿನಗ ಕೊಟ್ಟೀನಿ."

ಆಕೆ ಅವರನ್ನೇ ನೋಡಿದಳು. ಆಮೇಲೆ ಬಗ್ಗಿ, ಗಂಟನ್ನು ಹಲ್ಲಿನಿಂದ ಸಡಿಲಿಸಿ, ಸುತ್ತು ಸುತ್ತಾಗಿ ಪಟ್ಟಿ ಬಿಚ್ಚಿ, ಮಡಚಿ ನನ್ನ ಕೈಗೆ ಕೊಟ್ಟಳು.

"ಒಗದು ಇಡ್ರಿ ಆಚಾರ್ರ," ಎಂದಳು, "ಯಾರಿಗರ ಬೇಕಾಗ್ತೈತಿ."